ಕುದುರೆ ಕತ್ತು ಕಟ್ಟಿ ಬಗ್ಗಿಸೋದೇ ಡ್ರೆಸಾಜಾ? ಕಾರವಾರದಲ್ಲಿ ಕೂತು ಸರಿಯಾಗಿ ಕಲಿಯೋಕೆ ಆಗುತ್ತಾ?

ಕಾಳಿತೀರ, ಕಾರವಾರ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಾಜಾಳಿ ಕಡೆ. ಎರಡು ವರ್ಷದ ಹಿಂದೆ ರೇಸು ಬಿಟ್ಟ ಒಂದು ಥರೋಬ್ರೆಡ್ ಹೆಣ್ಣು ಕುದುರೆ ತಂದು ಸಾಕ್ತಾ ಇದ್ದೀವಿ. ಈಗ 9 ವರ್ಷ, ಹೆಸರು ಗಂಗೆ. ಮಗಳಿಗೆ 14. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ನಮ್ಮ ಡ್ರೆಸಾಜ್ (ಸವಾರರ ಸಣ್ಣ ಸನ್ನೆಗೆ ಕುದುರೆ ಲಯವಾಗಿ ಹೆಜ್ಜೆ ಹಾಕೋ ಸವಾರಿ ಕಲೆ) ತಂಡ ಚಿನ್ನ ಗೆದ್ದಿದ್ದನ್ನ ಟೀವಿಯಲ್ಲಿ ನೋಡಿದಾಗಿಂದ ಅವಳಿಗೆ ಅದೇ ಧ್ಯಾನ.

ಈ ಬೇಸಿಗೆಯಲ್ಲಿ ಮೂರು ವಾರ ಬೇರೆ ಊರಿನ ಒಂದು ತರಬೇತಿಗೆ ಕುದುರೆ ಸಮೇತ ಕಳಿಸಿದ್ವಿ. ಅಲ್ಲಿ ಕಲಿಸುವವರು ಹೊಟ್ಟೆಪಟ್ಟಿಯಿಂದ ಒಂದು ಉದ್ದ ಬಾರನ್ನ ಕಡಿವಾಣದ ಬಳೆ ಒಳಗಿಂದ ತೂರಿಸಿ ಸವಾರರ ಕೈಗೆ ಕೊಟ್ಟು, ಗಂಗೆಯ ಗದ್ದ ಎದೆಗೆ ತಾಗೋವರೆಗೆ ಎಳೆಸಿದ್ರು. ಹೀಗೇ ನಲವತ್ತು ನಿಮಿಷ. "ಈಗ ರೌಂಡ್ ಆಯ್ತು ನೋಡಿ" ಅಂದ್ರು. ಸಂಜೆ ಕಡಿವಾಣ ತೆಗೆದಾಗ ಬಾಯಿಯ ಎರಡೂ ಮೂಲೆ ಸುಲಿದು ಕೆಂಪಾಗಿತ್ತು. ನೆನೆಸಿದ ಹುರುಳಿ ಮುಂದಿಟ್ರೆ ಮೂಸಿ ನೋಡಿ ಹಿಂದೆ ಸರಿದಳು. ಮಗಳು ಅವತ್ತು ಲಾಯದಲ್ಲೇ ಕೂತು ಅತ್ತಳು. ಮರುದಿನವೇ ವಾಪಸ್ ಕರ್ಕೊಂಡು ಬಂದ್ವಿ.

ಈಗ ಲಗಾಮು ಕೈಗೆ ತಗೊಂಡ್ರೆ ಸಾಕು, ತಲೆ ಆಕಾಶಕ್ಕೆ ಎತ್ತುತ್ತಾಳೆ. ಇಲ್ಲಾಂದ್ರೆ ಓಡ್ತಾಳೆ. ಕತ್ತು ಬಗ್ಗದೆ ಡ್ರೆಸಾಜ್ ಇಲ್ಲ ಅಂತ ಅವರು ಹೇಳಿದ್ದು ನಿಜವಾ? ಇಲ್ಲಿ ಹತ್ತಿರದಲ್ಲಿ ಕಲಿಸೋರು ಯಾರೂ ಇಲ್ಲ. ನಾವು ಮುಂದೆ ಏನು ಮಾಡಬೇಕು?

ಅಂಕೋಲೆ ಹುಡುಗಿ
ಓದಿ ಹೊಟ್ಟೆ ಉರೀತು. ವಾಪಸ್ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು.

ನಿವೃತ್ತ ಸವಾರ, ಹಳಿಯಾಳ
ಅಮ್ಮಾ, ನಾನು ಸೇನೆಯಲ್ಲಿ ಕುದುರೆಗಳ ಜೊತೆ ಹದಿನೇಳು ವರ್ಷ ಕಳೆದವನು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕತ್ತು ಬಗ್ಗೋದು ಫಲ. ಅದನ್ನೇ ಬೀಜ ಅಂತ ನೆಟ್ಟರೆ ಏನೂ ಬೆಳೆಯೋದಿಲ್ಲ.

ಕುದುರೆಗೆ ನಮ್ಮ ಹಾಗೆ ಕೊರಳೆಲುಬು ಇಲ್ಲ. ಅದರ ಎದೆಗೂಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳ ಮೇಲೆ, ತೊಟ್ಟಿಲು ಕಟ್ಟಿದ ಹಾಗೆ ತೂಗಾಡ್ತಿರುತ್ತೆ. ಸುಮ್ಮನೆ ನಿಂತಾಗಲೂ ಮೈಭಾರದ ಅರ್ಧಕ್ಕಿಂತ ಹೆಚ್ಚು ಮುಂಗಾಲ ಮೇಲೇ. ಅದರ ಮೇಲೆ ನಾವು ಹತ್ತಿ ಕೂತ್ರೆ ಇನ್ನಷ್ಟು ಮುಂದಕ್ಕೆ ವಾಲುತ್ತೆ. ಡ್ರೆಸಾಜಿನ ಇಡೀ ಕೆಲಸ ಆ ಭಾರವನ್ನ ವರ್ಷಗಟ್ಟಲೆ ನಿಧಾನವಾಗಿ ಹಿಂಗಾಲಿಗೆ ದಾಟಿಸೋದು. ಹಿಂಗಾಲಿನ ಕೀಲುಗಳು ಮಡಚಿ, ಸೊಂಟ ಕೆಳಗಿಳಿದು, ಬೆನ್ನು ಮೇಲೆದ್ದಾಗ ಕತ್ತು ತಾನಾಗಿ ಕಮಾನಾಗುತ್ತೆ. ಆಗಲೂ ನೆತ್ತಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಮೂಗು ಲಂಬರೇಖೆಗಿಂತ ಒಂಚೂರು ಮುಂದಿರಬೇಕು. ಬಾರು ಕಟ್ಟಿ ಎಳೆದರೆ ಬಗ್ಗೋದು ಕತ್ತಿನ ನಡುಭಾಗ. ಬೆನ್ನು ಹಳ್ಳ ಬೀಳುತ್ತೆ, ಹಿಂಗಾಲು ಹಿಂದೇ ಉಳಿಯುತ್ತೆ. ಕಣ್ಣಿಗೆ ಚೆಂದ ಕಾಣಬಹುದು, ಒಳಗೆ ಎಲ್ಲಾ ತಲೆಕೆಳಗು.

ಇನ್ನೊಂದು ಮಾತು. ಗಂಗೆ ರೇಸಿನ ಕುದುರೆ. ಓಟದಲ್ಲಿ ಜಾಕಿ ಲಗಾಮು ಬಿಗಿ ಹಿಡಿದಷ್ಟೂ ಕಡಿವಾಣದ ಮೇಲೆ ಭಾರ ಹಾಕಿ ಜೋರಾಗಿ ಓಡೋದೇ ಅವಳು ಕಲಿತ ಪಾಠ. ನೀವು ಎಳೆದ್ರೆ "ಓಡು" ಅಂದ ಹಾಗೆ ಕೇಳಿಸುತ್ತೆ. ಅವಳು ನಿಮ್ಮ ಮಾತು ಮೀರ್ತಾ ಇಲ್ಲ. ತನಗೆ ಕಲಿಸಿದ್ದನ್ನೇ ಮಾಡ್ತಿದ್ದಾಳೆ.

ಜೀನುಗಾರ, ಬೆಳಗಾವಿ
ದೊಡ್ಡವರಿಗೆ ಗೌರವ ಇಟ್ಟೇ ಹೇಳ್ತೀನಿ, ಪುಸ್ತಕದ ಮಾತು ಬೇರೆ, ಅಖಾಡ ಬೇರೆ. ದೊಡ್ಡ ಸ್ಪರ್ಧೆಗಳ ವಿಡಿಯೊ ತೆಗೆದು ನೋಡಿ, ಅರ್ಧಕ್ಕರ್ಧ ಕುದುರೆಗಳ ಮೂಗು ಲಂಬರೇಖೆಗಿಂತ ಹಿಂದೇ ಇರುತ್ತೆ. ಅವಕ್ಕೇ ಅಂಕ ಬರುತ್ತೆ, ಪದಕವೂ ಬರುತ್ತೆ. ಆ ಬಾರನ್ನ ತಿಳಿದವರು ಹಿತಮಿತವಾಗಿ ಬಳಸಿದ್ರೆ ತಪ್ಪಿಲ್ಲ. ನಾನೇ ಎರಡು ಕುದುರೆ ಹಾಗೆ ತಿದ್ದಿದ್ದೀನಿ.

ನಿವೃತ್ತ ಸವಾರ, ಹಳಿಯಾಳ
ತಮ್ಮಾ, ಅಂಕ ಬಂತು ಅಂದ ಮಾತ್ರಕ್ಕೆ ಅದು ಸರಿಯಾಗೋದಿಲ್ಲ. ಬಲವಂತದಿಂದ ಕತ್ತು ಅತಿಯಾಗಿ ಮಡಚೋದನ್ನ ಅಂತರರಾಷ್ಟ್ರೀಯ ಅಶ್ವಾರೋಹಣ ಫೆಡರೇಶನ್ 2010ರಲ್ಲೇ ಒಪ್ಪತಕ್ಕದ್ದಲ್ಲ ಅಂತ ಹೇಳಿಯಾಗಿದೆ. ನೆತ್ತಿ ಎತ್ತರ, ಮೂಗು ಮುಂದೆ ಅನ್ನೋದೂ ಅವರದೇ ನಿಯಮ. ತೀರ್ಪುಗಾರರು ಕಣ್ಣು ಮುಚ್ಚಿದ್ರೆ ಅದು ತೀರ್ಪುಗಾರರ ತಪ್ಪು. ಇನ್ನು ನೀವು ತಿದ್ದಿದ ಎರಡು ಕುದುರೆಗಳ ವಿಷಯ. ಆ ಬಾರು ತೆಗೆದ ಮೇಲೂ ಹಾಗೇ ನಡೀತಾ ಇವೆಯಾ? ಅದನ್ನ ಹೇಳಿ.

ಜೀನುಗಾರ, ಬೆಳಗಾವಿ
ಒಂದು ನಡೀತದೆ. ಇನ್ನೊಂದು ಇಲ್ಲ, ಒಪ್ಪಿಕೊಳ್ತೀನಿ.

ಪಶುವೈದ್ಯೆ, ಕುಮಟಾ
ಸವಾರಿ ವಾದ ಆಮೇಲೆ ಆಗಲಿ, ಮೊದಲು ಗಾಯ ನೋಡೋಣ. @ಕಾಳಿತೀರ, ಬಾಯಿಯ ಮೂಲೆ ಪೂರ್ತಿ ವಾಸಿ ಆಗೋವರೆಗೆ ಕಡಿವಾಣ ಹಾಕಲೇಬೇಡಿ. ಕಡಿವಾಣ ಕೂರೋದು ಹಲ್ಲಿಲ್ಲದ ಖಾಲಿ ದವಡೆ ಮೇಲೆ. ಅಲ್ಲಿ ಎಲುಬಿನ ಮೇಲೆ ತೆಳು ಚರ್ಮ ಅಷ್ಟೇ ಇರೋದು, ಹೊರಗಿಂದ ಕಾಣದ ನೋವೂ ಇರಬಹುದು. ಹಲ್ಲು ತೋರಿಸಿ ಎಷ್ಟು ದಿನ ಆಯ್ತು? ಕುದುರೆ ಹಲ್ಲು ಜೀವನಪೂರ್ತಿ ಹೊರಗೆ ಬರ್ತಾನೇ ಇರುತ್ತೆ, ಅಂಚು ಚೂಪಾಗಿ ಕೆನ್ನೆ ಕೊರೆಯುತ್ತೆ. ವರ್ಷಕ್ಕೊಮ್ಮೆ ಅರ ಹಾಕಿ ಉಜ್ಜಿಸಬೇಕು. ತಲೆ ಎತ್ತೋದಕ್ಕೆ ಅದೇ ಕಾರಣ ಆಗಿರೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ.

ರೇಸಿನಿಂದ ಬಂದವಕ್ಕೆ ಹೊಟ್ಟೆಹುಣ್ಣು ಸಾಮಾನ್ಯ. ಖಾಲಿ ಹೊಟ್ಟೇಲಿ ಕೆಲಸ ಮಾಡಿಸಬೇಡಿ, ಮುಂಚೆ ಒಂದು ಹಿಡಿ ಹುಲ್ಲಾದರೂ ತಿನ್ನಿಸಿ. ಮೂಗುಪಟ್ಟಿ ಒಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು, ಅದೂ ಕೆನ್ನೆ ಬದಿ ಅಲ್ಲ, ಮೂಗಿನ ಎಲುಬಿನ ಮೇಲೆ.

ಕರಾವಳಿಯವರಿಗೆ ಅಂತ ಇನ್ನೆರಡು ಮಾತು. ಮರಳಿನ ಮೇಲೆ ಹುಲ್ಲು ಹಾಕಬೇಡಿ, ಜೊತೆಗೆ ಮರಳೂ ಹೊಟ್ಟೆಗೆ ಹೋಗಿ ಶೂಲೆ ಬರುತ್ತೆ. ಮಳೆಗಾಲದಲ್ಲಿ ಗೊರಸಿನ ಅಡಿ ದಿನಾ ಕೆದಕಿ ಮೂಸಿ ನೋಡಿ, ಕಪ್ಪಗೆ ಗಬ್ಬು ವಾಸನೆ ಬಂದ್ರೆ ಕೊಳೆಯೋಕೆ ಶುರುವಾಗಿದೆ ಅಂತ. ಮತ್ತೆ ನಮ್ಮ ಸೆಕೆಯಲ್ಲಿ ಕೆಲವು ಕುದುರೆಗಳಿಗೆ ಬೆವರೋದೇ ನಿಂತುಹೋಗುತ್ತೆ. ಕೆಲಸ ಮುಗಿದ ಮೇಲೂ ಮೈ ಒಣಗಿದ್ದು ಬಿಸಿಯಾಗಿ ಏದುಸಿರು ಬಿಡ್ತಿದ್ರೆ ಕೂಡಲೇ ನೀರು ಸುರಿದು ಫೋನ್ ಮಾಡಿ.

ಕಾಳಿತೀರ, ಕಾರವಾರ
ಡಾಕ್ಟ್ರೇ, ಹಲ್ಲು ಒಮ್ಮೆಯೂ ತೋರಿಸಿಲ್ಲ. ಈ ವಾರವೇ ತೋರಿಸ್ತೀನಿ. ಸವಾರರೇ, ಕಡಿವಾಣ ಇಲ್ಲದ ಈ ದಿನಗಳಲ್ಲಿ ಮಗಳು ಸುಮ್ಮನೆ ಇರಬೇಕಾ? ಅವಳು ದಿನಾ ಕೇಳ್ತಾಳೆ.

ನಿವೃತ್ತ ಸವಾರ, ಹಳಿಯಾಳ
ಸುಮ್ಮನಿರೋದು ಯಾಕೆ? ಇದೇ ಅವಳ ನಿಜವಾದ ಪಾಠದ ಕಾಲ. ವಿಯೆನ್ನಾದಲ್ಲಿ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಇದೆ. ದಾಖಲೆ ಪ್ರಕಾರ 1572ರಿಂದ ಇರೋ ಸಂಸ್ಥೆ, 2015ರಲ್ಲಿ ಅಲ್ಲಿನ ವಿದ್ಯೆ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿಗೆ ಸೇರಿದ ಹುಡುಗ ಹುಡುಗಿಯರಿಗೆ ಮೊದಮೊದಲು ಲಗಾಮೂ ಇಲ್ಲ, ರಿಕಾಪೂ ಇಲ್ಲ. ಗುರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನ ಸುತ್ತು ಹಾಕಿಸ್ತಾರೆ, ಶಿಷ್ಯರು ಬರೀ ಕೂರೋದನ್ನ ಕಲೀತಾರೆ. ಹೀಗೆ ತಿಂಗಳುಗಟ್ಟಲೆ. ಪೂರ್ಣ ಸವಾರ ಅನ್ನಿಸಿಕೊಳ್ಳೋಕೆ ಹತ್ತು ವರ್ಷದ ಲೆಕ್ಕ. ಅಲ್ಲಿ ಹಳೇ ಕುದುರೆ ಹೊಸ ಸವಾರನಿಗೆ ಕಲಿಸುತ್ತೆ, ಹಳೇ ಸವಾರ ಹೊಸ ಕುದುರೆಗೆ ಕಲಿಸ್ತಾನೆ. ಇಬ್ಬರೂ ಹೊಸಬರಾದ್ರೆ ಕಷ್ಟ, ನಿಮ್ಮ ಮನೆ ತೊಂದರೆ ಅದೇ.

ಹಗ್ಗವನ್ನ ಕಡಿವಾಣಕ್ಕೆ ಕಟ್ಟಬೇಡಿ. ಮೂಗಿನ ಮೇಲೆ ಕೂರೋ ಮೆತ್ತನೆಯ ಕೇವಸನ್ ಸಿಗುತ್ತೆ, ಅದಕ್ಕೆ ಕಟ್ಟಿ. ಕನಿಷ್ಠ 15 ಮೀಟರ್ ಅಗಲದ ಸುತ್ತು ಇರಲಿ, ಇನ್ನೂ ಅಗಲವಾದ್ರೆ ಒಳ್ಳೇದು. ಒಂದು ದಿಕ್ಕಿಗೆ ಹತ್ತು ನಿಮಿಷ, ಇನ್ನೊಂದು ದಿಕ್ಕಿಗೆ ಹತ್ತು ನಿಮಿಷ, ಅಷ್ಟೇ. ಮಗು ತೋಳು ಚಾಚಿ, ಕಣ್ಣು ಮುಚ್ಚಿ, ಯಾವ ಹಿಂಗಾಲು ನೆಲ ಬಿಡ್ತಿದೆ ಅಂತ ಕೂತ ಜಾಗದಲ್ಲೇ ಹೇಳಬೇಕು. "ಎಡ, ಬಲ, ಎಡ, ಬಲ" ಅಂತ ತಪ್ಪಿಲ್ಲದೆ ಹೇಳಿದ ದಿನ ನನಗೆ ತಿಳಿಸಿ.

ಚಂಡೆಮನೆ, ಸಿದ್ದಾಪುರ
ಎಂಗೆ ಕುದ್ರೆ ಗೊತ್ತಿಲ್ಲೆ, ತಾಳ ಗೊತ್ತಿದ್ದು. ನಡಿಗೆಗೆಲ್ಲ ಬೇರೆ ಬೇರೆ ಪೆಟ್ಟು ಇರ್ತಲ? ಯಾರಾದರೂ ಬಿಡಿಸಿ ಹೇಳಿ ನೋಡುವ.

ನಿವೃತ್ತ ಸವಾರ, ಹಳಿಯಾಳ
ನಡಿಗೆ ನಾಲ್ಕು ಪೆಟ್ಟು. ಟ್ರಾಟ್, ನಮ್ಮ ಹಳೇ ಮಾತಲ್ಲಿ ಕುಕ್ಕುಲೋಟ, ಎರಡು ಪೆಟ್ಟು. ಮೂಲೆಗೆ ಮೂಲೆ ಕಾಲು, ಅಂದ್ರೆ ಒಂದು ಬದಿಯ ಮುಂಗಾಲು ಇನ್ನೊಂದು ಬದಿಯ ಹಿಂಗಾಲು, ಜೊತೆಯಾಗಿ ಬೀಳುತ್ತೆ. ಕ್ಯಾಂಟರ್ ಮೂರು ಪೆಟ್ಟು: ಒಂದು ಹಿಂಗಾಲು, ಆಮೇಲೆ ಮೂಲೆ ಜೋಡಿ, ಆಮೇಲೆ ಮುಂದಾಳಾದ ಮುಂಗಾಲು. ಅದಾದ ಮೇಲೆ ನಾಲ್ಕೂ ಕಾಲು ಗಾಳಿಯಲ್ಲಿ, ಒಂದು ಮೌನ.

ಚಂಡೆಮನೆ, ಸಿದ್ದಾಪುರ
ಹಾಂಗಾದ್ರೆ ಸುಲಭ ಆತು. ನಡಿಗೆ "ತಕಧಿಮಿ". ಟ್ರಾಟ್ "ತಕ ತಕ". ಕ್ಯಾಂಟರ್ "ತಕಿಟ", ಕೊನೆಗೆ ಒಂದು ಬಿಡ್ತು. ತ್ರಿವುಡೆ ಅಂತಲೇ ಹೇಳಬಹುದು. ಮಗು ಬಾಯಲ್ಲಿ ಹೇಳ್ತಾ ಕೂತ್ರೆ ಲಯ ಮೈಗೆ ಹತ್ತುತ್ತು. ಕುದ್ರೆ ತಾಳ ತಪ್ಪಿದ್ದು ಕಿವಿಗೇ ಗೊತ್ತಾಗ್ತು.

ತೋಟದಮನೆ, ಶಿರಸಿ
ತ್ರಿವುಡೆ ಅಲ್ಲ ಮಾರಾಯರೇ, ತ್ರಿವುಡೆಗೆ ಏಳು ಅಕ್ಷರ. ಇದು ತಿಶ್ರ ನಡೆ, ಮೂರರ ಎಣಿಕೆ. ಕೊನೆಯ ಮೌನವನ್ನ ಎಣಿಸಿದ್ರೆ ಅದೂ ಅಲ್ಲ, ನಾಲ್ಕರಲ್ಲಿ ಒಂದು ಮೂಕಪೆಟ್ಟು.

ಚಂಡೆಮನೆ, ಸಿದ್ದಾಪುರ
ಸರಿ, ಒಪ್ಪಿದೆ. ಬರೆಯೋ ಭರದಲ್ಲಿ ತ್ರಿವುಡೆ ಅಂದುಹೋತು.

ನಿವೃತ್ತ ಸವಾರ, ಹಳಿಯಾಳ
ನಿಮ್ಮಿಬ್ಬರಿಗೂ ದೊಡ್ಡ ನಮಸ್ಕಾರ. ಜರ್ಮನ್ ಪದ್ಧತಿಯ ಆರು ಮೆಟ್ಟಿಲಲ್ಲಿ ಮೊದಲನೆಯದೇ ಲಯ. ಆಮೇಲೆ ಮೈ ಸಡಿಲಿಕೆ, ಕೈ ಮತ್ತು ಬಾಯಿಯ ನಡುವೆ ಹದವಾದ ಸಂಪರ್ಕ, ಹಿಂಗಾಲಿಂದ ಹುಟ್ಟೋ ಚಿಮ್ಮುವಿಕೆ, ನೇರತನ, ಕಟ್ಟಕಡೆಗೆ ಮೈ ಒಟ್ಟುಗೂಡಿಸಿಕೊಳ್ಳೋದು. ಕತ್ತಿನ ಕಮಾನು ಪೂರ್ತಿಯಾಗಿ ಕಾಣೋದು ಆರನೇ ಮೆಟ್ಟಿಲಲ್ಲಿ. ನಿಮಗೆ ಕಲಿಸಿದವರು ಮಗುವನ್ನ ನೇರ ಅಲ್ಲಿಗೇ ಎತ್ತಿ ಕೂರಿಸೋಕೆ ನೋಡಿದ್ರು. ನನಗೆ ಇಷ್ಟು ವರ್ಷ "ಲಯ" ಅಂತ ಬಾಯಲ್ಲಿ ಹೇಳೋದು ಗೊತ್ತಿತ್ತು, ಹೀಗೆ ಕಲಿಸಬಹುದು ಅಂತ ಹೊಳೆದಿರಲಿಲ್ಲ.

ತೋಟದಮನೆ, ಶಿರಸಿ
ಮಾತು ಬಂತು ಅಂತ ಹೇಳ್ತೀನಿ, ಅಮರಕೋಶದಲ್ಲಿ ಕುದುರೆಯ ಐದು ಗತಿ ಹೇಳಿದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಸಣ್ಣವರಿರುವಾಗ ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣದಲ್ಲೂ ಸವಾರಿ ಕುದುರೆಯ ನಡೆಗಳನ್ನ ವಲ್ಗನ, ಲಂಘನ, ಧೋರಣ ಮುಂತಾಗಿ ವಿಂಗಡಿಸಿದ್ದಾರೆ. ಹಾಗಾಗಿ ಡ್ರೆಸಾಜ್ ನಮ್ಮದೇ ವಿದ್ಯೆ ಅಂತ ನನ್ನ ಅಭಿಪ್ರಾಯ. ಕಿಕ್ಕುಲಿ ಅನ್ನುವವನು ಸುಮಾರು 3,400 ವರ್ಷದ ಹಿಂದೆ ಬರೆಸಿದ ಕುದುರೆ ತರಬೇತಿಯ ಮಣ್ಣಿನ ಹಲಗೆಗಳಲ್ಲಿ "ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ" ಅಂತ, ಅಂದ್ರೆ ಒಂದು, ಮೂರು, ಐದು ಸುತ್ತು ಅಂತ, ನಮ್ಮ ಸಂಸ್ಕೃತದ ಏಕ, ತ್ರಿ, ಪಂಚದ ಹಾಗೇ ಇದೆಯಲ್ಲ!

ಬಂದರುಬೀದಿ, ಭಟ್ಕಳ
ಶಬ್ದಗಳು ನಿಜ, ತೀರ್ಮಾನ ಒಪ್ಪೋಕಾಗಲ್ಲ. ಕಿಕ್ಕುಲಿ ಪಶ್ಚಿಮ ಏಷ್ಯಾದ ಮಿತನ್ನಿ ಅನ್ನೋ ಹಳೇ ರಾಜ್ಯದವನು, ಹಲಗೆಗಳು ಸಿಕ್ಕಿದ್ದು ಇವತ್ತಿನ ಟರ್ಕಿಯಲ್ಲಿ, ಹಿಟ್ಟೈಟರು ಅನ್ನೋ ಪ್ರಾಚೀನ ಜನರ ರಾಜಧಾನಿಯಲ್ಲಿ. ಅದರಲ್ಲಿರೋದು ರಥದ ಕುದುರೆಗೆ ದಮ್ಮು ಕಟ್ಟಿಸೋ ದಿನಚರಿ: ಎಷ್ಟು ಸುತ್ತು ಓಡಿಸಬೇಕು, ಯಾವಾಗ ನೀರು, ಯಾವಾಗ ಮೇವು. ಬೆನ್ನ ಮೇಲೆ ಕೂತು ಮೈ ತಿದ್ದೋ ಕಲೆ ಅಲ್ಲ. ಆ ಬಗ್ಗೆ ನಮಗೆ ಪೂರ್ತಿ ಉಳಿದು ಬಂದಿರೋ ಹಳೇ ಪುಸ್ತಕ ಗ್ರೀಸಿನ ಕ್ಸೆನೊಫೋನನದು, ಕ್ರಿಸ್ತಪೂರ್ವ ನಾಲ್ಕನೇ ಶತಮಾನ. ಬಲವಂತದಿಂದ ಕುದುರೆ ಕುಣಿಸೋದು, ನರ್ತಕನನ್ನ ಚಾಬೂಕಿಂದ ಹೊಡೆದು ಕುಣಿಸಿದ ಹಾಗೆ, ಅದರಲ್ಲಿ ಚೆಂದ ಇರಲ್ಲ ಅನ್ನೋ ಅರ್ಥದ ಮಾತು ಅಲ್ಲೇ ಇದೆ. ಈ ಚರ್ಚೆಗೆ ಬೇಕಾದ ಮಾತು ಅದು.

ನಮ್ಮ ಜಿಲ್ಲೆಗೂ ಕುದುರೆಗೂ ನಂಟು ಇರೋದು ಬೇರೆ ದಾರಿಯಲ್ಲಿ. ವಿಜಯನಗರದ ದಂಡಿಗೆ ಅರಬ್, ಪರ್ಷಿಯಾ ಕಡೆಯ ಕುದುರೆ ಹಡಗಿಂದ ಇಳೀತಿದ್ದದ್ದು ನಮ್ಮ ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ವ್ಯಾಪಾರ ಅತ್ತ ಎಳೆದುಕೊಂಡರು. ಹಂಪಿಯ ಹಜಾರ ರಾಮ ಗುಡಿಯ ಹೊರಗೋಡೆಯಲ್ಲಿ ಸಾಲು ಸಾಲು ಕುದುರೆ ಕೆತ್ತಿದ್ದಾರೆ, ಪಕ್ಕದಲ್ಲಿ ಹಿಡಿದು ನಡೆಸೋ ಆಳುಗಳೂ ಇದ್ದಾರೆ. ಮುಂದಿನ ಸಲ ಹೋದಾಗ ನಿಂತು ನೋಡಿ.

ತೋಟದಮನೆ, ಶಿರಸಿ
ರಥದ ವಿಷಯ ನೀವು ಹೇಳಿದ್ದೇ ಸರಿ. ಆದರೂ ಐದು ಗತಿಗೆ ಐದು ಹೆಸರಿಟ್ಟವರು ಬೆನ್ನ ಮೇಲೆ ಕೂತು ಗಮನಿಸದೆ ಇಟ್ಟಿರಲಾರರು. ಅಷ್ಟು ನಾನು ಬಿಟ್ಟುಕೊಡೋದಿಲ್ಲ.

ಯಲ್ಲಾಪುರ ಘಟ್ಟ
ಒಂದು ಪ್ರಶ್ನೆ. ಧಾರವಾಡ, ಬೆಳಗಾವಿ ಕಡೆ ಮದುವೆ ಮೆರವಣಿಗೆಯಲ್ಲಿ ಕುದುರೆ ಕುಣಿಸ್ತಾರಲ್ಲ, ನಿಂತಲ್ಲೇ ಕಾಲೆತ್ತಿ ಹಾಕುತ್ತೆ. ಡ್ರೆಸಾಜಿನ ಪಿಯಾಫ್ ಅಂದ್ರೂ ಅದೇ ಅಲ್ವಾ? ಅದಕ್ಕೆ ಯಾಕೆ ಪದಕ, ಇದಕ್ಕೆ ಯಾಕಿಲ್ಲ?

ಜೀನುಗಾರ, ಬೆಳಗಾವಿ
ಇದಕ್ಕೆ ನಾನು ಹೇಳ್ತೀನಿ, ಹತ್ತಿರದಿಂದ ಕಂಡಿದ್ದೀನಿ. ಪಿಯಾಫಲ್ಲಿ ಮೂಲೆ ಜೋಡಿ ಕಾಲು ಟ್ರಾಟಿನ ಲಯದಲ್ಲೇ ಏಳುತ್ತೆ, ಸೊಂಟ ಕೆಳಗಿಳಿಯುತ್ತೆ, ಬೆನ್ನು ಮೃದುವಾಗಿ ಮೇಲೆದ್ದಿರುತ್ತೆ, ಬಾಯಿ ಶಾಂತ. ಮೆರವಣಿಗೆ ಕುದುರೆಗಳಲ್ಲಿ ಹೆಚ್ಚಿನವು ತಲೆ ಮೇಲೆತ್ತಿ, ಬೆನ್ನು ಹಳ್ಳ ಮಾಡಿ, ಮುಂಗಾಲನ್ನ ಮಾತ್ರ ಕುಟ್ಟುತ್ತವೆ. ಬಾಯಲ್ಲಿ ಮೊನಚು ಕಡಿವಾಣ ಇರೋದನ್ನ ನಾನೇ ಬಿಚ್ಚಿ ನೋಡಿದ್ದೀನಿ. ಹಾಗಂತ ಕುದುರೆಯವರನ್ನ ಬೈಯೋಕೆ ಮನಸ್ಸು ಬರಲ್ಲ. ಎರಡು ತಿಂಗಳ ಸೀಜನ್ನಿನಲ್ಲಿ ವರ್ಷದ ಊಟ ದುಡೀಬೇಕು ಅವರು. ಒಬ್ಬ ಮುದುಕರು ಬರೀ ನಾಲಿಗೆ ಚಟಪಟ ಸದ್ದು ಮಾಡಿ, ಸಡಿಲ ಲಗಾಮಲ್ಲಿ ಕುಣಿಸೋದನ್ನೂ ಕಂಡಿದ್ದೀನಿ. ಆ ಕುದುರೆಯ ಕಿವಿ ಅವರ ಕಡೆಗೇ ತಿರುಗಿರ್ತಿತ್ತು. ಅಂಥವರ ಹತ್ರ ಕಲಿಯೋದು ಬೇಕಾದಷ್ಟಿದೆ.

ಮತ್ತೆ ಮೇಲೆ ಬಾರಿನ ಪರವಾಗಿ ನಾನು ಹೇಳಿದ್ದನ್ನ ವಾಪಸ್ ತಗೋತೀನಿ. ನಿನ್ನೆ ನಮ್ಮ ಎರಡನೇ ಕುದುರೆಯನ್ನ ಬಾರಿಲ್ಲದೆ ನಡೆಸಿ ನೋಡಿದೆ. ಬೆನ್ನು ಗಟ್ಟಿ ಹಲಗೆ ಹಿಡಿದ ಹಾಗಿದೆ.

ಹೊನ್ನಾವರದವ
ನನ್ನ ತಮ್ಮನಿಗೆ ಪೋಲಿಯೊ ಆಗಿ ಎಡಗಾಲಲ್ಲಿ ಬಲ ಇಲ್ಲ. ಕುದುರೆ ಅಂದ್ರೆ ಜೀವ. ಇಂಥವರಿಗೆ ಇದು ಆಗೋ ಮಾತಾ?

ಅಂಕೋಲೆ ಹುಡುಗಿ
ಖಂಡಿತ ಆಗುತ್ತೆ! ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬಗ್ಗೆ ಓದಿ. 1944ರಲ್ಲಿ ಪೋಲಿಯೊ ಬಂತು, ಮೊಣಕಾಲಿನ ಕೆಳಗೆ ಬಲ ಹೋಯ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಮೊದಲ ಸಲ ಹೆಂಗಸರಿಗೂ ಡ್ರೆಸಾಜಲ್ಲಿ ಅವಕಾಶ ಕೊಟ್ಟಾಗ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಬೆಳ್ಳಿ. ಕುದುರೆ ಹತ್ತೋಕೆ ಇಳಿಯೋಕೆ ಬೇರೆಯವರ ಕೈ ಬೇಕಿತ್ತು. ಕಾಲಿಗೆ ಬಲ ಇಲ್ಲದಿದ್ದರೂ ಕೂರುವಿಕೆಯಿಂದಲೇ ಕುದುರೆಗೆ ಮಾತು ತಲುಪಿಸಿದ್ರು. ಈಗ ಪ್ಯಾರಾ ಡ್ರೆಸಾಜ್ ಅಂತಲೇ ಪ್ಯಾರಾಲಿಂಪಿಕ್ಸಲ್ಲಿ ಬೇರೆ ವಿಭಾಗ ಇದೆ.

ಹೊನ್ನಾವರದವ
ತಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡ.

ಕಾಳಿತೀರ, ಕಾರವಾರ
ಆರು ವಾರದ ಸುದ್ದಿ ಹೇಳ್ತೀನಿ. ಹಲ್ಲಿನ ಅಂಚು ಎರಡೂ ಬದಿ ಚೂಪಾಗಿತ್ತು, ಕೆನ್ನೆ ಒಳಗೆ ಗೀರು ಬಿದ್ದಿತ್ತು. ಉಜ್ಜಿಸಿದ್ವಿ. ಬಾಯಿ ಮೂಲೆ ಮಾಗಿದೆ. ಮಗಳು ಹಗ್ಗದ ಸುತ್ತಿನಲ್ಲಿ "ತಕಧಿಮಿ" ಹೇಳ್ತಾ ಕೂರ್ತಾಳೆ. ಕಳೆದ ಶನಿವಾರ ಕಣ್ಣು ಮುಚ್ಚಿ ಎರಡು ಪೂರ್ತಿ ಸುತ್ತು ಹಿಂಗಾಲು ಸರಿಯಾಗಿ ಹೇಳಿದಳು. ಗಂಗೆ ಮೂರನೇ ವಾರದಿಂದ ಮೂಗನ್ನ ತಾನಾಗೇ ಕೆಳಗೆ ಚಾಚಿ ಫುರ್ರ್ ಅಂತ ಉಸಿರು ಬಿಡೋಕೆ ಶುರು ಮಾಡಿದ್ದಾಳೆ.

ಮನೆ ಹಿಂದೆ 20 ಮೀಟರ್ ಅಗಲ 40 ಮೀಟರ್ ಉದ್ದ ಅಳೆದು, ಬಲೆಗೆ ಕಟ್ಟೋ ಹಳೇ ತೇಲುಬೆಂಡುಗಳ ಮೇಲೆ ಡ್ರೆಸಾಜ್ ಅಖಾಡದ ಗುರುತಿನ ಅಕ್ಷರಗಳನ್ನ, ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ, ಬಣ್ಣದಲ್ಲಿ ಬರೆದು ಸುತ್ತ ಇಟ್ಟಿದ್ದಾಳೆ. ಆದರೆ ಅಲ್ಲಿ ಮರಳು ಸಡಿಲ, ಕಾಲು ಹೂತುಹೋಗುತ್ತೆ.

ನಿವೃತ್ತ ಸವಾರ, ಹಳಿಯಾಳ
ಸಡಿಲ ಮರಳು ಬೇಡವೇ ಬೇಡ, ಕಾಲಿನ ಸ್ನಾಯುರಜ್ಜು ಹಿಗ್ಗುತ್ತೆ. ಇಳಿತದ ಹೊತ್ತಿಗೆ ನೀರು ಬಿಟ್ಟುಹೋದ ಗಟ್ಟಿ ಒದ್ದೆ ಮರಳಿಗೆ ಹೋಗಿ. ಅಂಥ ನೆಲ ಘಟ್ಟದ ಮೇಲಿನ ನಮಗೆ ಎಲ್ಲಿ ಸಿಗಬೇಕು? ಅಲ್ಲಿ ಪ್ರತಿ ಹೆಜ್ಜೆಯೂ ಅಚ್ಚು ಬೀಳುತ್ತೆ. ಸಡಿಲ ಲಗಾಮಲ್ಲಿ ನಡೆಸಿ, ಇಳಿದು ಬಂದು ಓದಿ. ಹಿಂಗಾಲಿನ ಗುರುತು ಮುಂಗಾಲಿನ ಗುರುತನ್ನ ದಾಟಿ ಬಿದ್ದಿದ್ರೆ ಬೆನ್ನು ಸಡಿಲಾಗಿದೆ. ಹಿಂದೆ ಬಿದ್ದಿದ್ರೆ ಇನ್ನೂ ಬಿಗಿ ಇದೆ.

ಮುಂದೆ ಭುಜ ಒಳಕ್ಕೆ ತರೋ ಪಾಠ ಬರುತ್ತೆ, ಶೋಲ್ಡರ್ ಇನ್ ಅಂತಾರೆ. ಅದನ್ನ ನೇರ ಗೆರೆ ಮೇಲೆ ಮಾಡಿಸೋದನ್ನ ವಿವರವಾಗಿ ಬರೆದಿಟ್ಟವರು ಫ್ರಾನ್ಸಿನ ಲಾ ಗೆರಿನಿಯೇರ್, ಹದಿನೆಂಟನೇ ಶತಮಾನದಲ್ಲಿ. ಇವತ್ತು ನಾವು ಮಾಡಿಸೋ ರೀತಿಯಲ್ಲಿ ಮರಳ ಮೇಲೆ ಮೂರು ಸಾಲು ಕಾಣಬೇಕು: ಒಳ ಮುಂಗಾಲಿನದು ಒಂದು, ಹೊರ ಮುಂಗಾಲು ಮತ್ತು ಒಳ ಹಿಂಗಾಲು ಸೇರಿ ಒಂದು, ಹೊರ ಹಿಂಗಾಲಿನದು ಒಂದು. ಕನ್ನಡಿ ಹಾಕಿದ ಅಖಾಡದಲ್ಲೂ ಇಷ್ಟು ಸ್ಪಷ್ಟ ಕಾಣಲ್ಲ. ಆದರೆ ಅದಕ್ಕೆ ಇನ್ನೂ ತಿಂಗಳುಗಳಿವೆ, ಅವಸರ ಬೇಡ.

ಪಶುವೈದ್ಯೆ, ಕುಮಟಾ
ಮುಗಿದ ಮೇಲೆ ಕಾಲಿನ ಉಪ್ಪುನೀರು ಸಿಹಿನೀರಲ್ಲಿ ತೊಳೀರಿ. ಮರೀಬೇಡಿ.

ಕಾಳಿತೀರ, ಕಾರವಾರ
ಇವತ್ತು ಬೆಳಿಗ್ಗೆ ಹೋಗಿದ್ವಿ. ಮೊದಲ ಸುತ್ತಲ್ಲಿ ಹಿಂದಿನ ಗುರುತು ಮುಂದಿನದರ ಮೇಲೇ ಬಿದ್ದಿತ್ತು. ಹತ್ತು ನಿಮಿಷ ಸಡಿಲ ಲಗಾಮಲ್ಲಿ ನಡೆದ ಮೇಲೆ ನಾಲ್ಕು ಬೆರಳು ದಾಟಿ ಬಿತ್ತು. ಮಗಳು ಮಂಡಿಯೂರಿ ಕೈ ಇಟ್ಟು ಅಳೆದಳು. ಆದರೆ ಒಂದು ವಿಷಯ. ಎಡಕ್ಕೆ ತಿರುಗುವಾಗ ಮಾತ್ರ ಹಿಂಗಾಲಿನ ಗುರುತು ಮುಂಗಾಲಿನ ಸಾಲಿಂದ ಹೊರಗೆ ಹೋಗ್ತಿದೆ. ಬಲಕ್ಕೆ ಸರಿ ಇದೆ. ಇದು ತಪ್ಪಲ್ವಾ?

ನಿವೃತ್ತ ಸವಾರ, ಹಳಿಯಾಳ
ತಪ್ಪಲ್ಲ, ಸೊಟ್ಟತನ. ನಮ್ಮಲ್ಲಿ ಎಡಗೈ ಬಲಗೈ ಇದ್ದ ಹಾಗೆ ಪ್ರತಿ ಕುದುರೆಗೂ ಇರುತ್ತೆ. ಮಗು ಒಂದೇ ಪಕ್ಕಕ್ಕೆ ವಾಲಿ ಕೂತ್ರೂ ಹೀಗಾಗುತ್ತೆ, ಯಾವುದು ಅಂತ ನೋಡದೆ ಹೇಳೋಕಾಗಲ್ಲ. ಭಾನುವಾರ ನಾನೇ ಬರ್ತೀನಿ, ಕೇವಸನ್ನೂ ನೋಡಿದ ಹಾಗಾಗುತ್ತೆ. ಇಳಿತ ಎಷ್ಟು ಹೊತ್ತಿಗೆ?

ಕಾಳಿತೀರ, ಕಾರವಾರ
ಬೆಳಿಗ್ಗೆ ಆರೂಕಾಲರ ಸುಮಾರಿಗೆ. ಶನಿವಾರ ರಾತ್ರಿಯೇ ಬಂದುಬಿಡಿ, ಊಟಕ್ಕೆ ಕಾಯ್ತೀವಿ.

ಚಂಡೆಮನೆ, ಸಿದ್ದಾಪುರ
ಆನೂ ಬತ್ತೆ. ಕ್ಯಾಂಟರಿನ ಆ ಮೌನ ಒಂದ್ಸಲ ಕಿವಿಯಾರೆ ಕೇಳವು.